ಅತ್ತೆಯ ಊರಿನಲ್ಲಿ ಮಸಾಲೆ ದೋಸೆ

ಮಸಾಲೆ ದೋಸೆಯ ಪರಿಮಳವನ್ನು ಬಸ್ಸಿನ ಕಿಟಕಿ ಮುಚ್ಚಿ ತಡೆಯಬಹುದೆಂದು ನಂಬಿದವರು ಬಣಕಲ್ ಮಾರ್ಗವಾಗಿ ಪ್ರಯಾಣ ಮಾಡಿಲ್ಲವೆಂದೇ ನನ್ನ ತಿಳುವಳಿಕೆ. ತೊಂಬತ್ತರ ದಶಕದ ಕೊನೆಯಲ್ಲಿ ಚಿಕ್ಕಮಗಳೂರಿನಲ್ಲಿ ಮೇಷ್ಟ್ರಾಗಿದ್ದ ನಾನು ರಜೆ ಸಿಕ್ಕಿದಾಗಲೆಲ್ಲ ಊರಿಗೆಂದು ಕಳಸದ ಬಸ್ಸು ಹತ್ತುತ್ತಿದ್ದೆ. ಮೂಡಿಗೆರೆ ದಾಟಿ ಬಣಕಲ್ಲಿನಲ್ಲಿ ಬಸ್ಸು ನಿಂತ ಕೂಡಲೇ ರಸ್ತೆಯಾಚೆಯ ಹೋಟೆಲಿನ ಕಾವಲಿಯ ಮೇಲೆ ತುಪ್ಪ ಚುಂಯ್ ಎನ್ನುತ್ತಿತ್ತು. ಆ ಘಮ ಅಷ್ಟು ಜನ ಪ್ರಯಾಣಿಕರ ನಡುವೆ ನನ್ನ ಮೂಗನ್ನೇ ಹುಡುಕಿಕೊಂಡು ಬರುತ್ತಿತ್ತು. ಇಳಿದು ತಿಂದರಾಯಿತಲ್ಲ, ಅದಕ್ಯಾಕೆ ಇಷ್ಟು ಪೀಠಿಕೆ ಎನ್ನುತ್ತೀರೇನೋ. ತಿನ್ನುವ ಹಾಗಿರಲಿಲ್ಲ. ಬಣಕಲ್ಲಿನಲ್ಲಿ ನನ್ನ ಸೋದರತ್ತೆಯ ಮನೆಯಿತ್ತು.

ನಮ್ಮ ಕಡೆ ಇದಕ್ಕೊಂದು ಅಲಿಖಿತ ಶಾಸನವಿದೆ. ನೆಂಟರಿಲ್ಲದ ಊರಿನಲ್ಲಿ ಹೋಟೆಲು ಉಪಾಹಾರಗೃಹ. ನೆಂಟರಿರುವ ಊರಿನಲ್ಲಿ ಅದೇ ಹೋಟೆಲು ಅಪರಾಧಸ್ಥಳ. ಅಲ್ಲಿ ಕಾಲಿಟ್ಟರೆ 'ಇವನ ಅತ್ತೆ ಮನೇಲಿ ಅನ್ನ ಇಲ್ಲ' ಎಂದು ಊರಿಗೆಲ್ಲ ಡಂಗುರ ಸಾರಿದಂತೆ. ನನ್ನ ಭಾವನೊಬ್ಬ ಬಸ್ಸಿಗೆ ಕಾಯುತ್ತ, ಪಾಪ, ಅಲ್ಲಿ ಇಡ್ಲಿ ತಿಂದಿದ್ದ. ಅವನು ಕೈ ತೊಳೆಯುವುದರೊಳಗೆ ಸುದ್ದಿ ಅತ್ತೆಯ ಅಡುಗೆಮನೆ ಮುಟ್ಟಿತ್ತು. ಮುಂದಿನ ಸಲ ಅವನು ಹೋದಾಗ ಅತ್ತೆ ಎಲ್ಲವನ್ನೂ ಬಡಿಸಿದರು, ಆದರೆ 'ಇನ್ನೊಂದು ಹಾಕ್ಕೊಳ್ಳಿ' ಎಂಬ ಮಾತು ಮಾತ್ರ ಆಡಲಿಲ್ಲ. ಒತ್ತಾಯವಿಲ್ಲದ ಊಟವೆಂದರೆ ನಮ್ಮಲ್ಲಿ ಬಹಿಷ್ಕಾರವೇ ಸರಿ. ಭಾವ ಇವತ್ತಿಗೂ ಇಡ್ಲಿ ಕಂಡರೆ ಬೆವರುತ್ತಾನೆ.

ಹಾಗೆಂದು ಮನೆಯೂಟವನ್ನು ಹಳಿಯುವಷ್ಟು ಕೃತಘ್ನ ನಾನಲ್ಲ. ಅಯ್ಯೋ, ಅತ್ತೆಯ ಕೈಯಡುಗೆ! ಕೆಂಡದ ಮೇಲೆ ಉಬ್ಬಿ ನಿಟ್ಟುಸಿರು ಬಿಡುವ ಅಕ್ಕಿ ರೊಟ್ಟಿ, ಕೋಳಿ ಸಾರಿನಲ್ಲಿ ಮುಳುಗೇಳುವ ಕಡುಬು, ಕಳಲೆ ಪಲ್ಯ, ಆಮೇಲೆ ಗಟ್ಟಿ ಮೊಸರು. ಅವರ ನಿಘಂಟಿನಲ್ಲಿ 'ಸಾಕು' ಎಂಬ ಪದಕ್ಕೆ 'ಎರಡು ಹಾಕಿ' ಎಂದೇ ಅರ್ಥ. ತಟ್ಟೆಗೆ ಕೈ ಅಡ್ಡ ಹಿಡಿದರೆ ಕೈಯ ಮೇಲೇ ಬಡಿಸುವ ಧೀರೆ ಅವರು. ಹೋಟೆಲಿನಲ್ಲಿ 'ಏನ್ ಬೇಕು' ಎಂದು ಕೇಳುತ್ತಾರೆ, ಮನೆಯಲ್ಲಿ ಕೇಳುವುದೇ ಇಲ್ಲ, ಪ್ರೀತಿಯ ವ್ಯತ್ಯಾಸವೆಲ್ಲ ಇಲ್ಲೇ ಇದೆ ಎಂದು ನಾನು ಸ್ಟಾಫ್ ರೂಮಿನಲ್ಲಿ ಭಾಷಣ ಬಿಗಿಯುತ್ತಿದ್ದೆ. ಭಾಷಣ ನಾಲಿಗೆಯದು, ಅದೇ ನಾಲಿಗೆ ಬಣಕಲ್ ಬಂದೊಡನೆ ಪಕ್ಷಾಂತರ ಮಾಡುತ್ತಿತ್ತು.

ಒಂದು ದಿನ ಸರಿಯಾಗಿ ಆ ಹೋಟೆಲಿನೆದುರಿಗೇ ಬಸ್ಸಿನ ಟೈರು ಪಂಕ್ಚರ್ ಆಯಿತು. ಹೊರಡಲು ಒಂದು ಗಂಟೆಯಾದರೂ ಬೇಕೆಂದ ಡ್ರೈವರು ನನಗೆ ದೇವದೂತನಂತೆ ಕಂಡ. ನ್ಯಾಯವಾಗಿ ನಾನು ಅತ್ತೆಯ ಮನೆಯ ಏರು ಹತ್ತಬೇಕಿತ್ತು. ಕಾಲು ಒಪ್ಪಲಿಲ್ಲ. ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದು, ಪರಿಚಿತರ ಕಣ್ಣು ತಪ್ಪಿಸಿ ಒಳಗೆ ನುಗ್ಗಿದೆ. ಹೊರಗೆ ಕೂತರೆ ರಸ್ತೆಗೆಲ್ಲ ಕಾಣುತ್ತದೆ. ಮೂಲೆಯಲ್ಲಿ ಪರದೆ ಇಳಿಬಿಟ್ಟ ಫ್ಯಾಮಿಲಿ ರೂಮು ಕಂಡಿತು. ಫ್ಯಾಮಿಲಿ ಜೊತೆಗಿಲ್ಲದಿದ್ದರೇನು, ಮಾನವಂತೂ ಜೊತೆಗಿದೆಯಲ್ಲ, ಅದನ್ನಾದರೂ ಉಳಿಸಿಕೊಳ್ಳೋಣವೆಂದು ಸರಕ್ಕನೆ ಪರದೆ ಸರಿಸಿದೆ.

ಒಳಗೆ ಅತ್ತೆ ಕೂತಿದ್ದರು.

ಕಾಲ ಬುಡದಲ್ಲಿ ಮಿಲ್ಲಿನಿಂದ ತಂದ ಅಕ್ಕಿ ಹಿಟ್ಟಿನ ಚೀಲ, ಎದುರಿಗೆ ಹೊಗೆಯಾಡುವ ಮಸಾಲೆ ದೋಸೆ, ಬಾಯಿಗೂ ತಟ್ಟೆಗೂ ನಡುವೆ ನಿಂತುಬಿಟ್ಟ ಕೈ. ಯಾರು ಯಾರನ್ನು ಹಿಡಿದರೆಂದು ತೀರ್ಮಾನವಾಗದೆ ಇಬ್ಬರೂ ಕಣ್ಣು ಕಣ್ಣು ಬಿಟ್ಟೆವು. ಮೊದಲು ಸುಧಾರಿಸಿಕೊಂಡವರು ಅವರೇ. ಒಳಗೆ ಬಾ, ಪರದೆ ಸರಿಯಾಗಿ ಎಳಿ ಎಂದರು. ನಾನು ಕಳ್ಳ ಬೆಕ್ಕಿನ ಹಾಗೆ ಎದುರಿಗೆ ಕೂತೆ.

ಹಿಟ್ಟು ಮಾಡಿಸಲು ಬಂದಾಗಲೆಲ್ಲ ಇಲ್ಲೊಂದು ದೋಸೆ ತಿಂದೇ ಹೋಗುವುದಂತೆ. ಮಾವನಿಗೆ ಮಿಲ್ಲಿನಲ್ಲಿ ರಶ್ಶು ಎಂದು ಹೇಳುವುದಂತೆ. ಅತ್ತೆಯ ಮನೆಯ ಊಟವೆಂದರೆ ಹತ್ತೂರಿಗೆ ಹೆಸರು. ಅಂಥವರೇ ಹೋಟೆಲಿಗೆ ಬರುತ್ತಾರೆಂದು ತಿಳಿದರೆ ಊರಲ್ಲಿ ಮುಖ ತೋರಿಸುವುದು ಹೇಗೆ, ಯಾರ ಹತ್ತಿರವೂ ಬಾಯಿ ಬಿಡಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡರು. ಮನೆಯಲ್ಲಿ ಅಷ್ಟು ಚೆನ್ನಾಗಿ ಮಾಡುವವರಿಗೆ ಇಲ್ಲೇನು ಆಕರ್ಷಣೆಯೆಂದು, ಸಂಕೋಚದಿಂದಲೇ ಕೇಳಿದೆ.

"ನಮ್ಮನೇಲಿ ಬಿಸಿ ರೊಟ್ಟಿ ತಿನ್ನದೇ ಇರೋಳು ನಾನೊಬ್ಬಳೇ ಮಾರಾಯ," ಎಂದರು ಅತ್ತೆ. "ನಿಮಗೆಲ್ಲ ಹಾಕಿ ನಾನು ಕೂರೋ ಹೊತ್ತಿಗೆ ಒಲೇನೂ ಆರಿರ್ತದೆ. ಇಲ್ಲಿ ಯಾರೋ ತಂದು ಮುಂದೆ ಇಡ್ತಾರೆ ನೋಡು. ಸುಡ್ತಾ ಇರ್ತದೆ."

ನನಗೆ ನಾಚಿಕೆಯಾಯಿತು, ಮರುಕ್ಷಣ ಹೇಳಲಾರದಷ್ಟು ಖುಷಿಯೂ ಆಯಿತು. ನನ್ನ ಸ್ಟಾಫ್ ರೂಮಿನ ಮನೆಯೂಟ ಮೀಮಾಂಸೆಯಲ್ಲಿ ಉಣ್ಣುವವರಿಗೆ ಮಣೆ ಹಾಕಿದ್ದೆ, ಬಡಿಸುವವರಿಗೆ ಹಾಕಿರಲಿಲ್ಲ. ಅತ್ತೆ ತಮ್ಮ ಮಣೆಯನ್ನು ತಾವೇ ಹುಡುಕಿಕೊಂಡು, ಪರದೆ ಎಳೆದುಕೊಂಡು ಕೂತಿದ್ದರು. ತಿನ್ನಿ ಅತ್ತೆ, ಆರಿಹೋಗುತ್ತದೆ ಎಂದೆ.

ಅಭ್ಯಾಸಬಲ ಎಂಥದು ನೋಡಿ. ಅವರ ಕೈ ದೋಸೆಯನ್ನು ಅರ್ಧಕ್ಕೆ ಮುರಿದು, ಪಲ್ಯ ತುಂಬಿದ ಭಾಗವನ್ನೇ ಆರಿಸಿ, ನನ್ನ ಕಡೆಗೆ ಹೊರಟೇಬಿಟ್ಟಿತ್ತು. ಮೇಜಿನ ನಡುವೆ ಬಂದು ಅದು ನಿಂತಿತು. ಅತ್ತೆ ಆ ತುಂಡನ್ನು ನೋಡಿದರು, ನನ್ನನ್ನು ನೋಡಿದರು, ಮೆಲ್ಲಗೆ ಅದನ್ನು ತಮ್ಮ ತಟ್ಟೆಗೇ ವಾಪಸು ಹಾಕಿಕೊಂಡರು.

"ಇದನ್ನ ಕೊಡಲ್ಲ. ನೀನು ಬೇರೆ ಹೇಳ್ಕೋ."

ನಾನು ಪರದೆಯಿಂದ ತಲೆ ಹೊರಗೆ ಹಾಕಿ, ಒಂದು ಮಸಾಲೆ ದೋಸೆ ಎಂದು ಕೂಗಿದೆ. ಅತ್ತೆ ತಟ್ಟೆಯಿಂದ ಮುಖವೆತ್ತದೆ, ಯಾರೂ ಒತ್ತಾಯಿಸದೆಯೇ, "ಎರಡು" ಎಂದರು.