ತಳ್ಳಿದ್ದಲ್ಲ

ಅಮ್ಮಚ್ಚಿ ತೀರಿಕೊಂಡ ಏಳನೆಯ ದಿನದ ಪೂಜೆಯಲ್ಲಿ ಫಾದರ್ ಅವಳನ್ನು ಶಾಂತ ಸ್ವಭಾವದವಳು ಎಂದರು. ಇಗರ್ಜಿಯ ಮಹಿಳಾ ಸಂಘವನ್ನು ಇಷ್ಟು ವರ್ಷ ನಡೆಸಿದರೂ ಒಂದು ಇರುವೆಗೂ ನೋವು ಮಾಡಲಿಲ್ಲವಂತೆ. ಮಗಳಾದ ನಾನು ಎದ್ದು ತಿದ್ದಲಿಲ್ಲ. ಆದರೆ ಅದು ನಿಜವಲ್ಲ.

ಮದುವೆಯಾಗಿ ಕೇರಳದಿಂದ ಬಂದವಳು ಅವಳು. ನನ್ನಪ್ಪ ಹೊನ್ನಾವರದ ಹತ್ತಿರದ ಕಾಸರಕೋಡ ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಮೆಕ್ಯಾನಿಕ್. ಕೇರಿಗೆಲ್ಲ ಅವಳು ಚೇಚಿ. ಮಲಯಾಳದಲ್ಲಿ ಅಕ್ಕ ಎಂದರ್ಥ. ಬೆಳಗಿನ ಪೂಜೆ ತಪ್ಪಿಸಿದವಳಲ್ಲ. ಹೆರಿಗೆ, ಹೆಣ, ಜಗಳ, ಎಲ್ಲಿದ್ದರೂ ಮೊದಲು ಅವಳೇ. ಕೊಂಕಣಿ ಮಾತಾಡುವ ಹೆಂಗಸರು ಅವಳನ್ನೇ ಅಧ್ಯಕ್ಷೆ ಮಾಡಿದಾಗ ಮೀನು ಹಿಡಿಯುವ ಗಂಡಸರು ಆಡಿಕೊಂಡಿದ್ದರು: "ಬಲೆಯೂ ಕೇರಳದ್ದು, ಈಗ ಅಧ್ಯಕ್ಷೆಯೂ ಕೇರಳದ್ದು." ಅವಳ ಕನ್ನಡ ಚೆನ್ನಾಗಿಯೇ ಇತ್ತು. ಸಿಟ್ಟು ಬಂದರೆ ಮಾತ್ರ ಅದರೊಳಗೆ ಮಲಯಾಳ ನುಗ್ಗುತ್ತಿತ್ತು.

ನಾನಾಗ ಏಳನೇ ಕ್ಲಾಸು. ಮಳೆಗಾಲಕ್ಕೆ ಬೋಟುಗಳು ನಿಂತಿದ್ದವು. ಪಕ್ಕದ ಮನೆಯವನು ಬೋಟಿನ ಕೆಲಸದವನು. ಕೆಲಸವಿಲ್ಲದ ಆ ತಿಂಗಳುಗಳಲ್ಲಿ ಹೆಂಡತಿಗೆ ಹೊಡೆಯುತ್ತಿದ್ದ. ಆಕೆ ಅಮ್ಮಚ್ಚಿಯ ಸಂಘದವಳು. ಎರಡು ಸಲ ಕುಮಟೆಯ ತವರಿಗೆ ಓಡಿಹೋಗಿದ್ದಳು, ಎರಡು ಸಲವೂ ತವರಿನವರು ವಾಪಸ್ಸು ತಂದುಬಿಟ್ಟಿದ್ದರು.

ಆ ಮಧ್ಯಾಹ್ನ ಅಮ್ಮಚ್ಚಿ ಅನ್ನ ಬಸಿಯುತ್ತಿದ್ದಾಗ ಆಚೆ ಮನೆಯಿಂದ ಮರ ಬಡಿಯುವ ಸದ್ದು ಕೇಳಿತು. ಕೂಗಿನ ಸದ್ದು ಇರಲಿಲ್ಲ, ಬರೀ ಮರದ್ದು. ಕೈಯಲ್ಲಿದ್ದ ಗಂಜಿ ನೀರಿನ ಪಾತ್ರೆಯ ಸಮೇತ ಓಡಿದಳು, ಹಿಂದೆ ನಾನು. ಅವನು ಆಕೆಯ ಕೂದಲನ್ನು ಎಡಗೈಗೆ ಸುತ್ತಿಕೊಂಡು ದೋಣಿಯ ಹುಟ್ಟಿನಿಂದ ಬಾರಿಸುತ್ತಿದ್ದ. ಹಣೆಯ ಮೇಲೆ ಚರ್ಮ ಬಿಚ್ಚಿಕೊಂಡಿತ್ತು. ಅಮ್ಮಚ್ಚಿ ಕುದಿಯುವ ಗಂಜಿಯನ್ನು ಅವನ ಕಾಲಿಗೆ ಹೊಯ್ದಳು.

ದೂರು ಕೊಟ್ಟವನು ಅವನೇ. ಒಂದು ಗಂಟೆಯೊಳಗೆ ನಾವೆಲ್ಲ ಪೊಲೀಸ್ ಹೊರಠಾಣೆಯಲ್ಲಿದ್ದೆವು.

"ಯಾಕಮ್ಮಾ ಹೊಯ್ದೆ?" ಹವಾಲ್ದಾರರು ಕೇಳಿದರು.

"ಅವನು ತಲ್ಲಿದ ಸಾರ್. ಹುಟ್ಟಿನಲ್ಲಿ ತಲ್ಲಿದ. ತಲೆಗೇ ತಲ್ಲಿದ."

ಮಲಯಾಳದಲ್ಲಿ ತಲ್ಲುವುದೆಂದರೆ ಹೊಡೆಯುವುದು. ಹವಾಲ್ದಾರರಿಗೆ ಕೇಳಿಸಿದ್ದು ಕನ್ನಡದ ತಳ್ಳಿದ.

"ತಳ್ಳಿದ್ದಕ್ಕೆ ಯಾರಾದ್ರೂ ಕಾಲು ಸುಡ್ತಾರಾ?"

ಗಂಡ ತಕ್ಷಣ ಆ ಮಾತನ್ನೇ ಹಿಡಿದುಕೊಂಡ. "ಹೌದು ಸಾರ್, ತಳ್ಳಿದ್ದು ಹೌದು. ಸುಳ್ಳು ಹೇಳೂದಿಲ್ಲ. ಹೊಸ್ತಿಲಿಗೆ ಬಿದ್ದು ಹಣೆ ಒಡೀತು."

"ಎಂತಮ್ಮಾ, ತಳ್ಳಿದ್ದಾ?"

ಸೆರಗಿನಿಂದ ಗಾಯ ಒತ್ತಿಕೊಂಡಿದ್ದ ಆಕೆ ಗಂಡನ ಮುಖ ನೋಡಿ ಹೌದೆಂದು ತಲೆಯಾಡಿಸಿದಳು.

"ಆತು ಹಾಗಾದ್ರೆ. ಹೊಲಿಗೆ ಹಾಕ್ಸಿಕೊಂಡು ಗಂಡನ ಜೊತೆ ಮನೆಗೆ ಹೋಗು."

"ತಳ್ಳಿದ್ದಲ್ಲ ಸಾರ್," ನಾನೆಂದೆ, "ಅಮ್ಮ ಹೇಳೂದು ಹೊಡೆದ ಅಂತ."

ಅವನು ನಕ್ಕ. "ಮಗಳಿಗೆ ಪಾಠ ಚೆಂದ ಮಾಡ್ಸಿದ್ದೀರಿ, ಚೇಚಿ."

ಅಮ್ಮಚ್ಚಿ ಎದ್ದಳು. ಅವನ ಬಲಗೈಯ ಮಣಿಕಟ್ಟು ಹಿಡಿದು, ಆ ಕೈಯಿಂದಲೇ ತನ್ನ ಕೆನ್ನೆಗೆ ಫಟ್ಟನೆ ಹೊಡೆದುಕೊಂಡಳು. ಇನ್ನೊಮ್ಮೆ. "ಇದು. ಇದಕ್ಕೆ ಕನ್ನಡದಲ್ಲಿ ಎಂತ ಹೇಳ್ತಾರೆ ಸಾರ್?"

"ಏ, ಬಿಡೇ!" ಅವನು ಜಗ್ಗಿದ. ಅವಳು ಬಿಡಲಿಲ್ಲ. ಮತ್ತೊಮ್ಮೆ ಎತ್ತಿದಳು.

ಮೂರನೆಯ ಪೆಟ್ಟು ಅವಳು ಹೊಡೆದುಕೊಂಡದ್ದಲ್ಲ. ಅದು ಅವನದೇ. ಪೂರ್ತಿ ತೋಳಿನ ಬಲದಿಂದ ಬಂತು. ಅಮ್ಮಚ್ಚಿ ಮೇಜಿಗೆ ಬಡಿದು, ಚಹಾದ ಗ್ಲಾಸುಗಳ ಜೊತೆ ನೆಲಕ್ಕೆ ಬಿದ್ದಳು. ಎಡಗಿವಿಯಿಂದ ತೆಳುವಾಗಿ ರಕ್ತ ಬಂತು. ಬಿದ್ದವಳನ್ನು ಒದೆಯಲು ಅವನು ಸುಟ್ಟ ಕಾಲನ್ನೇ ಎತ್ತಿದ. ಹವಾಲ್ದಾರರು ಕಾಲರ್ ಹಿಡಿದೆಳೆದು ಗೋಡೆಗೆ ಅಪ್ಪಳಿಸಿದರು. ಅವನ ತುಟಿ ಸೀಳಿತು.

ಆಗ ಅವನ ಹೆಂಡತಿ ಹಣೆಯಿಂದ ಸೆರಗು ತೆಗೆದಳು. ಗಾಯವನ್ನು ಮುಂದೆ ಮಾಡಿ, "ಹೀಗೇ ಸಾರ್," ಎಂದಳು. "ನಂಗೂ ಹೀಗೇ. ತಳ್ಳಿದ್ದಲ್ಲ."

ಅವನನ್ನು ಅಲ್ಲೇ ಕೂರಿಸಿಕೊಂಡರು. ನಾವು ಮೂವರು ಟೆಂಪೋದಲ್ಲಿ ಹೊನ್ನಾವರದ ಆಸ್ಪತ್ರೆಗೆ ಹೊರಟೆವು. ಅಮ್ಮಚ್ಚಿಯ ಎಡಕ್ಕೆ ಕುಳಿತಿದ್ದ ಆಕೆ ಸೇತುವೆಯ ಮೇಲೆ ಮೆಲ್ಲಗೆ ಕೇಳಿದಳು: "ನಾ ಇನ್ನು ಎಲ್ಲಿಗೆ ಹೋಗ್ಲಿ ಚೇಚಿ?"

ಅಮ್ಮಚ್ಚಿ ಉತ್ತರಿಸಲಿಲ್ಲ. ಆಕೆ ಮುಖ ಮುಚ್ಚಿಕೊಂಡು ಅಳತೊಡಗಿದಳು.

"ಆ ಕಿವಿ ಕೇಳೂದಿಲ್ಲ ಕಾಣ್ತದೆ," ಎಂದೆ.

ಆಕೆ ಎದ್ದು, ಜನರ ಮೊಣಕಾಲು ದಾಟಿ, ಬಲಗಡೆಗೆ ಬಂದು ಕುಳಿತು ಮತ್ತೆ ಕೇಳಿದಳು.

"ಎಲ್ಲಿಗೆ ಅಂದ್ರೆ?" ಅಮ್ಮಚ್ಚಿ ಟೆಂಪೋಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದಳು. "ಮೊದಲು ಹೊಲಿಗೆ. ಆಮೇಲೆ ನಮ್ಮನೆ."

ಮುರ್ಡೇಶ್ವರದ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸ ಸಿಗುವವರೆಗೂ ಆಕೆ ನನ್ನ ಕೋಣೆಯಲ್ಲೇ ಮಲಗುತ್ತಿದ್ದಳು, ಬಾಗಿಲ ಕಡೆಗೆ ಮುಖ ಮಾಡಿ.