ಗಿರಣಿಕಲ್ಲಿಗೆ ಐವರ ಕೈ

ಯುದ್ಧದ ವರ್ಷಗಳಲ್ಲಿ ಹೊರಗಿನಿಂದ ಗಿರಣಿಕಲ್ಲು ಬರುವುದು ನಿಂತಿತು. ತಿಕೋಟಾದ ನಮ್ಮ ಹಿಟ್ಟಿನ ಗಿರಣಿಯ ಮೇಲಿನ ಕಲ್ಲು ಸವೆದಿತ್ತು. ಜನ ಜೋಳ ಹೊತ್ತು ಬಬಲೇಶ್ವರಕ್ಕೆ ಹೋಗತೊಡಗಿದ್ದರು. ಅಣ್ಣ ವಿಜಾಪುರದಿಂದ ಕುರುಂದವೆಂಬ ಗಡಸು ಕಲ್ಲಿನ ಪುಡಿಯನ್ನೂ ಅದನ್ನು ಬಿಗಿಹಿಡಿಯುವ ಬಿಳಿ ಪುಡಿಯನ್ನೂ ತಂದು, ಕಲ್ಲನ್ನು ತಾನೇ ಮಾಡುತ್ತೇನೆಂದ.

ಹಸಿ ಮಾಡಿದ ಪುಡಿಯನ್ನು ಕಬ್ಬಿಣದ ದುಂಡನೆಯ ಅಚ್ಚಿನೊಳಗೆ ತೆಳ್ಳಗೆ ಹರಡಬೇಕು. ಅಂಚಿನಿಂದ ನಡುವಿನವರೆಗೆ ದಮ್ಮಸು ಎಂಬ ಭಾರದ ಬಡಿಗೆಯಿಂದ ಒಂದೇ ಬಲದಲ್ಲಿ ಬಡಿಯಬೇಕು, ಮತ್ತೆ ಹರಡಬೇಕು. ಒಂದು ಕಡೆ ಹೆಚ್ಚು ಅದುಮಿದರೆ ಆ ಕಡೆ ಭಾರವಾಗಿ, ತಿರುಗುವಾಗ ಕಲ್ಲು ಎಳೆದಾಡುತ್ತದೆ. ಅಣ್ಣನಿಗೆ ಇದು ಗೊತ್ತಿತ್ತು. ಆದರೆ ಹೊಸದೇನು ಮಾಡಿದರೂ ಐದು ಮಂದಿ ಕೈ ಹಚ್ಚುವುದು ನಮ್ಮ ಕಡೆಯ ರೂಢಿ. ಅಂಗಳದಲ್ಲಿದ್ದ ಐವರನ್ನು ಕರೆದ. ನಾಲ್ವರು ದಮ್ಮಸು ಮುಟ್ಟಿಸಿದಂತೆ ಮಾಡಿ ಸರಿದರು. ಐದನೆಯವರು ಘೋಣಸಗಿಯ ಪೈಲವಾನ ಕಾಕಾ. ಅವರು ಧೋತರ ಬಿಗಿದು, ನಿಂತ ಕಡೆಯೇ ಬಲವಾಗಿ ಬಡಿಯುತ್ತ ಹೋದರು; ಎದುರು ಬದಿ ಸಡಿಲವಾಗಿಯೇ ಉಳಿಯಿತು.

"ಸಾಕ್ರಿ ಕಾಕಾ, ಅದೇನ ನಿಮ್ಮ ಕುಸ್ತಿ ಜೋಡಿ ಅಲ್ಲ," ಎಂದರು ವೈನಿ, ಅಣ್ಣನ ಹೆಂಡತಿ. ಎಲ್ಲರೂ ನಕ್ಕರು.

ಅಚ್ಚು ಬಿಚ್ಚಿ ಕಲ್ಲನ್ನು ನೆರಳಲ್ಲಿ ಒಣಗಿಸಿದೆವು. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಮಾಡುವಂತೆ ವೈನಿ ಅದನ್ನು ಸುತ್ತಲೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು. ಒಂದು ಕಡೆಯ ಸದ್ದು ಬೇರೆಯಾಗಿತ್ತು.

"ಇದನ್ನ ತಿರಗಸಬ್ಯಾಡ್ರಿ. ಒಡದ ಹಾಕ್ರಿ."

"ಐದು ಮಂದಿ ಕೈ ಹಚ್ಯಾರ. ಒಡದ್ರ ಏನಂತಾರ ಅವರು?" ಎಂದ ಅಣ್ಣ.

ಎಂಜಿನ್ ಚಾಲೂ ಮಾಡಿದ. ಕಲ್ಲು ವೇಗ ಹಿಡಿಯುತ್ತಲೇ ನಡುಗತೊಡಗಿತು. ಜೋಳ ಸುರಿಯಲು ಅವನು ಬಾಗಿದಾಗ ವೈನಿ ಹಿಂದಿನಿಂದ ಅಂಗಿ ಹಿಡಿದು ಎಳೆದರು. ಕಲ್ಲು ಒಡೆಯಿತು. ಅವನ ತಲೆಯಿದ್ದ ಜಾಗವನ್ನು ಹಾಯ್ದು ಒಂದು ತುಂಡು ಮಣ್ಣಿನ ಗೋಡೆಯಲ್ಲಿ ನಟ್ಟಿತು. ಆಮೇಲೆ ನಾನು ಆ ತುಂಡನ್ನು ಕಿತ್ತು ನೋಡಿದೆ: ಅರ್ಧ ಭಾಗ ಗಟ್ಟಿ, ಉಳಿದರ್ಧ ಉಗುರು ತಾಗಿದರೆ ರವೆಯಂತೆ ಉದುರುತ್ತಿತ್ತು.

ಉಳಿದ ಪುಡಿ ಇನ್ನೊಂದೇ ಕಲ್ಲಿಗಾಗುವಷ್ಟಿತ್ತು. ಈ ಸಲ ದಮ್ಮಸನ್ನು ಅಣ್ಣ ಯಾರಿಗೂ ಕೊಡಲಿಲ್ಲ. ಅದೇ ಐವರು ಬಂದು ಸುಮ್ಮನೆ ನಿಂತಿದ್ದರು.

"ನಾವೇನ ಮಾಡೂಣವಾ?" ಎಂದರು ಕಾಕಾ, ವೈನಿಯನ್ನು ನೋಡಿ.

"ಅಚ್ಚು ಅಲಗಾಡದಂಗ ಸುತ್ತಲೂ ಕುಂತು ಹಿಡೀರಿ. ಅದೂ ಕೈ ಹಚ್ಚಿದಂಗ ಆಗತೈತಿ."

ಐವರೂ ಹಾಗೆಯೇ ಹಿಡಿದು ಕುಳಿತರು. ಅಣ್ಣ ಒಬ್ಬನೇ, ಅವಸರವಿಲ್ಲದೆ, ಮಧ್ಯಾಹ್ನದವರೆಗೂ ಬಡಿದ.

ಆ ಕಲ್ಲು ಒಣಗಿದ ಮೇಲೆ ವೈನಿ ಮತ್ತೆ ಸುತ್ತಲೂ ತಟ್ಟಿ ನೋಡಿ, ಆಗಲಿ ಎಂದರು. ಎಂಜಿನ್ ಚಾಲೂ ಆಯಿತು, ಕಲ್ಲು ನಡುಗಲಿಲ್ಲ. ಅಣ್ಣ ಜೋಳ ಸುರಿದ. ಹಿಟ್ಟು ಬೀಳತೊಡಗಿದ ಮೇಲೂ ವೈನಿ ಅವನ ಅಂಗಿ ಬಿಟ್ಟಿರಲಿಲ್ಲ.