ಮೂರು ಸಲ ಹೇಳಿದ ಹೆಸರು

ನನ್ನ ಗಂಡನ ಹೆಸರನ್ನು ನಾನು ಜನ್ಮದಲ್ಲಿ ಮೂರೇ ಸಲ ಬಾಯಿಬಿಟ್ಟು ಹೇಳಿದ್ದೇನೆ. ಮೂರೂ ಒಂದೇ ದಿನ, ಒಂದೇ ಬೆಳಿಗ್ಗೆ. ಇಲ್ಲಿ ಮಾತ್ರ ಬರೆಯುವುದಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಸವೆಯುತ್ತದೆ ಎಂದು ಹೆದರಿಸುವವರು ಈಗ ಯಾರೂ ಉಳಿದಿಲ್ಲ. ಆದರೂ ಪೆನ್ನು ಆ ಜಾಗಕ್ಕೆ ಬಂದು ನಿಂತುಬಿಡುತ್ತದೆ. ಓದುವವರು ಬೇಸರ ಮಾಡಿಕೊಳ್ಳಬಾರದು. ನಮ್ಮ ಕಡೆಯ ಗಂಡಸರ ಹೆಸರುಗಳಲ್ಲಿ ನಿಮಗೆ ಮೊದಲು ಹೊಳೆದದ್ದು ಯಾವುದೋ ಅದೇ ಇರಬಹುದು, ಅಷ್ಟು ಸಾಮಾನ್ಯವಾದ ಹೆಸರು.

ನಾನು ಕಾರವಾರದ ಹುಡುಗಿ. ಮನೆಯಲ್ಲಿ ಕೊಂಕಣಿ, ಶಾಳೆಯಲ್ಲಿ ಕನ್ನಡ. ನಾಲ್ಕನೇ ಇಯತ್ತೆ ಮುಗಿಯುತ್ತಲೇ ಆಯಿ ಶಾಳೆ ಬಿಡಿಸಿದಳು. ಹದಿನಾರಕ್ಕೆ ಮದುವೆ ಮಾಡಿ ಅಂಕೋಲೆಯ ಪಕ್ಕದ ಬೊಬ್ರುವಾಡಕ್ಕೆ ಕಳಿಸಿದಳು. ಮೂವತ್ತರ ದಶಕದ ನಡುವಿನ ಮಾತು ಇದು. ಉಪ್ಪು ಮಾಡಿ ಜನ ಜೇಲಿಗೆ ಹೋದ ಗಲಾಟೆ ಆಗ ತಣ್ಣಗಾಗಿತ್ತು. ಮದುವೆಯ ದಿನ ಹೆಂಗಸರೆಲ್ಲ ಸುತ್ತುಗಟ್ಟಿ, ಹಾಡಿನಲ್ಲಿ ಸೇರಿಸಿ ಗಂಡನ ಹೆಸರು ಹೇಳು ಎಂದು ಪೀಡಿಸಿದರು. ನಾನು ಮೊದಲಿನಿಂದಲೂ ಹಠಮಾರಿ. ಹಲ್ಲು ಕಚ್ಚಿ ಕೂತೆ. ಕಡೆಗೆ ಅವರೇ ಸೋತು ಊಟಕ್ಕೆ ಎದ್ದುಹೋದರು.

ಬೊಬ್ರುವಾಡಕ್ಕೆ ಬಂದ ವಾರದೊಳಗೆ ನನಗೊಂದು ಸಂಗತಿ ತಿಳಿಯಿತು. ಆ ಹೆಸರಿನವರು ಆಸುಪಾಸಿನಲ್ಲಿ ನನ್ನ ಗಂಡನನ್ನು ಸೇರಿಸಿ ನಾಲ್ಕು ಜನ ಇದ್ದರು. ಹೆಸರು ದೇವರದು. ಮೊದಲ ಮೊಮ್ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿ ಬೇರೆ. ಹಾಗಾಗಿ ಅದು ಮುಗಿಯುವ ಹೆಸರೇ ಅಲ್ಲ. ಗುರುತಿಗಾಗಿ ಊರವರು ಎಲ್ಲರಿಗೂ ಒಂದೊಂದು ಬಾಲ ಕಟ್ಟಿದ್ದರು. ಬೇರು ಸೊಪ್ಪು ಅರೆದು ಕೊಡುತ್ತಿದ್ದವರು ಮದ್ದಿನವರು. ಕುಮಟೆಯಿಂದಲೂ ಅವರ ಹತ್ತಿರ ಜನ ಬರುತ್ತಿದ್ದರು. ಉಪ್ಪು ಮಾಡಿ ಎರಡು ಸಲ ಜೇಲು ಕಂಡು ಬಂದವರು ಉಪ್ಪಿನವರು. ಅವರು ಬೀದಿಯಲ್ಲಿ ಬಂದರೆ ಕೂತವರು ಎದ್ದು ನಿಲ್ಲುತ್ತಿದ್ದರು. ಹಾಯಿ ಕಟ್ಟಿದ ಮಚವೆಯಲ್ಲಿ ಮುಂಬಯಿ ತನಕ ಹೋಗಿ ಬಂದವನು ಮಚವೆಯವನು. ಬಿರುಗಾಳಿಯಲ್ಲಿ ಆರು ಜನರನ್ನು ಉಳಿಸಿದವನೆಂದು ಅವನ ಹೆಸರು ಕಾರವಾರ ಬಂದರಿನಲ್ಲೂ ಇತ್ತು.

ನಾಲ್ಕನೆಯವರು ನಮ್ಮವರು. ಅವರು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಗದ್ದೆ ಕೆಲಸ ನೋಡಿಕೊಂಡು, ಯಾರ ಗೋಜಿಗೂ ಹೋಗದೆ ಇದ್ದವರು. ಅವರಿಗೆ ಊರು ಕೊಟ್ಟ ಗುರುತು ‘ಖಾಲಿ’. ಯಾರಾದರೂ ಆ ಹೆಸರು ಎತ್ತಿದರೆ, “ಯಾರು? ಮದ್ದಿನವ್ರಾ?” ಎಂದು ಕೇಳುವರು. “ಅಲ್ಲ.” “ಉಪ್ಪಿನವ್ರಾ?” “ಅಲ್ಲ, ಖಾಲಿ.” “ಓ, ಖಾಲಿಯಾ.” ಅಲ್ಲಿಗೆ ಮಾತು ಮುಗಿಯಿತು. ಮೊದಲ ಸಲ ಬಾವಿಕಟ್ಟೆಯಲ್ಲಿ ಇದನ್ನು ಕೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಕೊಡ ಅಲ್ಲೇ ಬಿಟ್ಟು ಮನೆಗೆ ಬಂದು ಅವರ ಮೇಲೆ ಹರಿಹಾಯ್ದೆ. ಅವರು ನಗುತ್ತ, “ಖಾಲಿ ಅಂದ್ರೆ ಎಂತಾ ತಪ್ಪು? ನಾನ್ ಮದ್ದೂ ಕೊಡೂದಿಲ್ಲ, ಉಪ್ಪೂ ಮಾಡೂದಿಲ್ಲ,” ಎಂದರು. ಆಮೇಲೆ ತಾವೇ ಹೋಗಿ ಕೊಡ ಹೊತ್ತು ತಂದರು. ಅಂಥ ಮನುಷ್ಯನ ಹತ್ತಿರ ಜಗಳವಾಡುವುದಾದರೂ ಹೇಗೆ?

ನಮ್ಮ ಮನೆಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ನಾನಂತೂ ಹೆಂಡತಿ. ಅತ್ತೆಗಾದರೂ ಬಾಯಿ ಇತ್ತೇ ಎಂದರೆ ಅದೂ ಇಲ್ಲ. ಮಗನಿಗೆ ಇಟ್ಟದ್ದು ಅವರ ಮಾವನ ಹೆಸರು. ಮಾವನ ಹೆಸರನ್ನು ಸೊಸೆ ಹೇಳುವುದುಂಟೆ? ಹೆತ್ತ ಮಗನನ್ನು ತೊಟ್ಟಿಲಿನಿಂದಲೂ ‘ತಮ್ಮಾ’ ಎಂದೇ ಕರೆದರು. ನನ್ನ ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಹೀಗೆ ಹೊರಗೆ ಖಾಲಿ, ಒಳಗೆ ತಮ್ಮಾ, ನನಗೆ ‘ಹೋಯ್’. ಆ ಹೆಸರು ಅವರ ಪರೀಕ್ಷೆಯ ದಾಖಲೆಯಲ್ಲಿ ಮಾತ್ರ ಇತ್ತು.

ಅವರಿಗೆ ಮಾಸ್ತರ ಆಗಬೇಕೆಂಬ ಆಸೆ. ಮೂರು ವರ್ಷದಿಂದ ಕಾರವಾರಕ್ಕೆ ಅರ್ಜಿ ಕಳಿಸುತ್ತಲೇ ಇದ್ದರು. ಸಂಜೆ ಜಗಲಿಯಲ್ಲಿ ಕೂತು ನನ್ನ ನಾಲ್ಕನೇ ಇಯತ್ತೆಯ ಕನ್ನಡ ತಿದ್ದಿ, ಪುಸ್ತಕ ಓದಿಸುತ್ತಿದ್ದರು. ಎಷ್ಟು ತಪ್ಪು ಮಾಡಿದರೂ ಸಿಟ್ಟಾಗುತ್ತಿರಲಿಲ್ಲ. ಇವರು ಮಾಸ್ತರಾಗದೆ ಮತ್ಯಾರಾಗಬೇಕು ಎಂದು ನನಗೆ ಅನಿಸುತ್ತಿತ್ತು. ಆದರೆ ಕಾಗದಕ್ಕೆ ಉತ್ತರವೇ ಬರಲಿಲ್ಲ. ಮುಂಬಯಿಯ ಗಿರಣಿಯಲ್ಲಿದ್ದ ಚಿಕ್ಕಪ್ಪನ ಮಗ, ಸುಮ್ಮನೆ ಯಾಕೆ ಕೂತಿದ್ದೀ, ಇಲ್ಲಿಗೆ ಬಾ ಎಂದು ಬರೆದ. ಮಳೆಗಾಲ ಮುಗಿದು ಕಾರವಾರಕ್ಕೆ ಮುಂಬಯಿಯ ಉಗಿಹಡಗು, ಆ ಆಗಬೋಟು, ಶುರುವಾದದ್ದೇ ಇವರು ಹೊರಟುನಿಂತರು. ಗಿರಣಿಗೆ ಹೋದವರು ವರ್ಷಕ್ಕೊಮ್ಮೆ ಬಂದರೆ ಬಂದರು, ಇಲ್ಲವಾದರೆ ಇಲ್ಲ. ನಾನು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಬುತ್ತಿ ಕಟ್ಟಿದೆ. ಅಳು ಬಂದರೆ ಒಲೆಯ ಹೊಗೆ ಎಂದೆ.

ಅವರು ಟ್ರಂಕು ಹೊತ್ತು ಅಂಕೋಲೆಯ ಮೋಟಾರು ನಿಲ್ಲುವ ಜಾಗಕ್ಕೆ ಹೊರಟು ಇನ್ನೂ ಅರ್ಧ ತಾಸು ಆಗಿರಲಿಲ್ಲ. ಟಪಾಲಿನವನು ನಮ್ಮ ಅಂಗಳದ ಬದಿಗೆ ಹಾದುಹೋಗುತ್ತಿದ್ದವನು ನಿಂತ.

“ನಿಮ್ಮೋರು ಟ್ರಂಕ್ ಹೊತ್ಕಂಡ್ ಹೊಂಟಿದ್ದು ಕಂಡೆ. ಕಾರವಾರಕ್ಕೆ ಅಲ್ವಾ? ಸರ್ಕಾರದ ಲಕೋಟೆ ಬಂದಾಗ್ಲೇ ಅಂದ್ಕಂಡೆ ನಾನು, ಕೆಲ್ಸ ಸಿಕ್ತು ಅಂತ.”

“ಯಾವ ಲಕೋಟೆ?” ಎಂದೆ.

“ಎಂಟು ದಿನ ಆಯ್ತಲ್ಲಾ ಕೊಟ್ಟು.”

“ಯಾರ ಕೈಲಿ ಕೊಟ್ರಿ?”

ಆಗ ಅವನ ಮುಖ ಸಣ್ಣಗಾಯಿತು. ಲಕೋಟೆಯ ಮೇಲೆ ಹೆಸರು, ಊರು ಎರಡೇ ಇದ್ದವಂತೆ. ಸರ್ಕಾರದ ಮುದ್ರೆ ಕಂಡು, ಸರ್ಕಾರದ ಕಾಗದ ಬರುವುದು ಉಪ್ಪಿನವರಿಗೆ ಎಂದು ಅಲ್ಲಿ ಕೊಟ್ಟನಂತೆ. ಅಥವಾ ಮದ್ದಿನವರ ಮನೆಯಲ್ಲಿಯೋ, ಸರಿಯಾಗಿ ನೆನಪಿಲ್ಲ ಎಂದ. ನಿಮ್ಮ ನೆನಪಿಗೆ ಬೆಂಕಿ ಬೀಳಲಿ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಓಡಿದೆ. ಅತ್ತೆ ಹಿಂದಿನಿಂದ, “ತಲಿ ಮೇಲೆ ಸೆರಗು ಹಾಕ್ಕಾ,” ಎಂದು ಕೂಗುತ್ತಿದ್ದರು.

ಮದ್ದಿನವರ ಮನೆ ಹತ್ತಿರ. ಅವರು ಅದೇ ಮೋಟಾರಿಗೆ ಕಾರವಾರಕ್ಕೆ ಹೊರಟುಹೋಗಿದ್ದರು. ಸೊಸೆ ಒಬ್ಬಳೇ ಇದ್ದಳು. ಪುಡಿ ಕಟ್ಟಿಕೊಡುವುದಕ್ಕೆಂದು ಮಾವ ಕೂಡಿಟ್ಟ ಕಾಗದದ ರಾಶಿಯನ್ನೆಲ್ಲ ಇಬ್ಬರೂ ಸೇರಿ ಜಾಲಾಡಿದೆವು. ಅಲ್ಲಿ ಇರಲಿಲ್ಲ. ಅಷ್ಟರಲ್ಲಿ ಮೂಲೆಯಲ್ಲಿ ಮಾವನ ಮದ್ದಿನ ಚೀಲ ಅವಳ ಕಣ್ಣಿಗೆ ಬಿತ್ತು. ಚೀಲ ಮರೆತು ಹೋಗಿದ್ದಾರಲ್ಲ ಎಂದು ತಲೆ ಚಚ್ಚಿಕೊಂಡು ಅವಳೂ ನನ್ನ ಜೊತೆ ಹೊರಟಳು.

ಉಪ್ಪಿನವರ ಮನೆಯಲ್ಲಿ ಅವರ ತಾಯಿ ಜಗಲಿಯಲ್ಲಿ ಕೂತು ವೀಳ್ಯ ಕುಟ್ಟುತ್ತಿದ್ದರು. ನಾನು ಲಕೋಟೆ ಎಂದದ್ದೇ ಕುಟ್ಟುವುದು ನಿಂತಿತು.

“ಯಾವ್ದೂ ಬರ್ಲಿಲ್ಲ,” ಎಂದರು.

“ಅಜ್ಜೀ, ಅದು ನಮ್ಮನೆಯವರದು. ಕೆಲಸದ ಕಾಗದ,” ಎಂದೆ. ಮಾತಾಡುತ್ತಿದ್ದಂತೆಯೇ ಅಳು ಬಂದುಬಿಟ್ಟಿತು. ಅವರು ಮುಂಬಯಿಗೆ ಹೊರಟಿದ್ದನ್ನು ಹೇಳಿದೆ.

ಮುದುಕಿ ಕುಟ್ಟಾಣಿ ಬದಿಗಿಟ್ಟಿತು. ಎದ್ದು ಒಳಗೆ ಹೋಗಿ ಅಕ್ಕಿ ಮಡಕೆಯಲ್ಲಿ ಮೊಳಕೈ ತನಕ ಕೈ ಹಾಕಿ ಲಕೋಟೆ ತೆಗೆಯಿತು. “ಆ ಮುದ್ರೆ ಕಂಡ್ರೆ ನನ್ನ ಎದೆ ಹಾರ್ತದೆ ಮಗಾ. ಮೂರನೇ ಸಲ ಕರ್ಕಂಡ್ ಹೋಗೂಕೆ ಬಂದದೆ ಅಂದ್ಕಂಡೆ. ಮುಚ್ಚಿಟ್ಟೆ.” ಹಿತ್ತಿಲಿನಿಂದ ಬಂದ ಅವರ ಸೊಸೆ, ಅಂದರೆ ಉಪ್ಪಿನವರ ಹೆಂಡತಿ, ಬಾಯಿಯ ಮೇಲೆ ಕೈ ಇಟ್ಟುಕೊಂಡು ನಿಂತಳು. ಎಂಟು ದಿನ ಅದೇ ಮಡಕೆಯಿಂದ ಅವಳು ಅಕ್ಕಿ ತೆಗೆದಿದ್ದಳಂತೆ.

ಅಲ್ಲೇ ಒಡೆದು ಓದಿದೆ. ನಮ್ಮವರ ಹೆಸರು, ಅವರ ಅಪ್ಪನ ಹೆಸರು. ಕಾಳಿ ನದಿಯ ದಂಡೆಯ ಮಲ್ಲಾಪುರದ ಕನ್ನಡ ಶಾಳೆಗೆ ಮಾಸ್ತರ. ಬರುವ ಸೋಮವಾರದೊಳಗೆ ಹಾಜರಾಗದಿದ್ದರೆ ಬೇರೆಯವರಿಗೆ ಕೊಡಲಾಗುವುದು ಎಂದು ಕೊನೆಯ ಸಾಲು. ಅಂದು ಗುರುವಾರ.

ನಾವು ಮೂವರು ಹೆಂಗಸರು ಗದ್ದೆಯ ಅಂಚಿನ ಮೇಲೆ ಓಡಿದೆವು. ಮದ್ದಿನವರ ಸೊಸೆಯ ಹೆಗಲಲ್ಲಿ ಚೀಲ, ನನ್ನ ಕೈಯಲ್ಲಿ ಅಕ್ಕಿಯ ತೌಡು ಮೆತ್ತಿದ ಲಕೋಟೆ. ಉಪ್ಪಿನವರ ಹೆಂಡತಿ ಯಾಕೆ ಬಂದಳೋ ಅವಳಿಗೇ ಗೊತ್ತಿಲ್ಲ, ಸುಮ್ಮನೆ ಓಡಿ ಬಂದಳು. ನಾವು ಮುಟ್ಟಿದಾಗ ಮೋಟಾರು ಇನ್ನೂ ನಿಂತಿತ್ತು. ಡ್ರೈವರನು ಮುಂದೆ ಹ್ಯಾಂಡಲು ತಿರುವುತ್ತಿದ್ದ. ಅದು ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ಸುತ್ತ ಗಂಡಸರೇ ಗಂಡಸರು, ಗಂಟುಮೂಟೆಯ ಗದ್ದಲ. ನಮ್ಮವರು ಹಿಂದಿನ ಬೆಂಚಿನಲ್ಲಿ, ನಮಗೆ ಬೆನ್ನು ಮಾಡಿ, ಟ್ರಂಕು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಆ ಕಾಲದಲ್ಲಿ ಮನೆಯ ಸೊಸೆ ಗಂಡಸರ ಗುಂಪಿನೊಳಗೆ ನುಗ್ಗುವಂತಿರಲಿಲ್ಲ. ಅಶ್ವತ್ಥದ ಕಟ್ಟೆಯ ಹತ್ತಿರವೇ ನಮ್ಮ ಕಾಲುಗಳು ನಿಂತವು. ಬಳೆ ಆಡಿಸಿದೆ. ಕೆಮ್ಮಿದೆ. ಮೋಟಾರಿನ ಕೆಮ್ಮಿನ ಮುಂದೆ ನನ್ನದೆಲ್ಲಿ ಕೇಳಬೇಕು?

“ಅಕ್ಕಾ, ನೀವೊಂದ್ಸಲ ಅವರ ಹೆಸರು ಹಿಡಿದು ಕರೀರಿ,” ಎಂದು ಉಪ್ಪಿನವರ ಹೆಂಡತಿಗೆ ಹೇಳಿದೆ.

“ನಾನಾ?” ಎಂದು ಅವಳು ಹಿಂದೆ ಸರಿದಳು. “ನಮ್ಮನಿಯವ್ರ ಹೆಸ್ರೂ ಅದೇ ಅಲ್ವೇ ಮಾರಾಯ್ತಿ.”

ಮದ್ದಿನವರ ಸೊಸೆಯ ಕಡೆ ನೋಡಿದೆ. ಅವಳು ತಲೆಯಾಡಿಸಿದಳು. ಅವಳಿಗೆ ಮಾವನ ಹೆಸರು. ಕಟ್ಟೆಯ ಕೆಳಗೆ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಕಂಡಳು. ಕೊನೆಯ ಮನೆಯವರೆಗೂ ಕೇಳುವ ಗಂಟಲು ಅವಳದು. ದೇವರೇ ಕಳಿಸಿದ ಎಂದುಕೊಂಡು ಕೇಳಿದೆ. ಅವಳು ಹೊಟ್ಟೆ ಹಿಡಿದು ನಕ್ಕಳು.

“ನಾನ್ ಯಾರ್ ಹೆಂಡ್ತಿ ಅಂತ ಗೊತ್ತಿಲ್ವೇ ತಂಗೀ ನಿಂಗೆ? ಅಕಾ, ಮೋಟಾರಿನ ಮಾಡಿನ್ ಮೇಲೆ ಬುಟ್ಟಿ ಏರಿಸ್ತದ್ಯಲ್ಲಾ, ಅದೇ ನಮ್ಮದು.”

ಮಚವೆಯವನು. ನಾಲ್ಕು ಹೆಂಗಸರು ಅಲ್ಲಿದ್ದೆವು. ನಾಲ್ವರಿಗೂ ಬಾಯಿ ಇತ್ತು, ಆ ಒಂದು ಹೆಸರು ಹೇಳುವ ಬಾಯಿ ಒಬ್ಬರಿಗೂ ಇರಲಿಲ್ಲ. ನಾನು ಮೋಟಾರಿನ ಕಡೆಯೇ ನೋಡುತ್ತಿದ್ದೆ, ಅವರು ಮೂವರೂ ನಗುತ್ತಿದ್ದರು. ಕೊನೆಗೆ ಮೀನಿನವಳು ಎದ್ದು ನಿಂತು “ಹೋಯ್” ಎಂದು ಒಂದು ಕೂಗು ಹಾಕಿದಳು. ಪೇಟೆಯ ಗಂಡಸರೆಲ್ಲ ತಿರುಗಿದರು, ನಮ್ಮವರೊಬ್ಬರನ್ನು ಬಿಟ್ಟು. ಅಷ್ಟರಲ್ಲಿ ಹ್ಯಾಂಡಲು ಹಿಡಿಯಿತು. ಮೋಟಾರು ಗುಡುಗಿತು. ಡ್ರೈವರನು ಓಡಿಬಂದು ಹತ್ತಿ ಕೂತ.

ಆಯುಷ್ಯ ಸವೆದರೆ ನನ್ನದೂ ಸವೆಯಲಿ ಎಂದುಕೊಂಡೆ. ಕಣ್ಣು ಮುಚ್ಚಿ, ಗಂಡನ ಹೆಸರನ್ನು ಇದ್ದಷ್ಟು ಶಕ್ತಿ ಹಾಕಿ ಕೂಗಿದೆ.

ಮದ್ದಿನವರು ಡ್ರೈವರನ ಪಕ್ಕದಿಂದ ತಲೆ ಹೊರಗೆ ಹಾಕಿದರು. ಮಾಡಿನ ಮೇಲಿದ್ದ ಮಚವೆಯವನು ಬುಟ್ಟಿ ಕೈಬಿಟ್ಟ. ಚಹದ ಅಂಗಡಿಯ ಮುಂದೆ ನಿಂತಿದ್ದ ಉಪ್ಪಿನವರು ಜೇಲಿನ ಅಭ್ಯಾಸವೋ ಏನೋ, ಕೈ ಎತ್ತಿ “ಹಾಜರ್” ಎಂದರು. ನಮ್ಮವರು ಮಾತ್ರ ಅಲ್ಲಾಡಲಿಲ್ಲ. ಟ್ರಂಕು ಅಪ್ಪಿಕೊಂಡು ಮುಂದೆ ನೋಡುತ್ತಲೇ ಇದ್ದರು. ಚಕ್ರ ತಿರುಗತೊಡಗಿತು.

ಖಾಲಿ ಎಂದು ಸೇರಿಸಿ ಕೂಗಿದ್ದರೆ ತಿರುಗುತ್ತಿದ್ದರು. ಆ ಮಾತು ನನ್ನ ನಾಲಿಗೆಯ ತುದಿಗೂ ಬಂದಿತ್ತು. ಸತ್ತರೂ ಅದನ್ನು ಹೇಳುವುದಿಲ್ಲ ಎನಿಸಿತು. “ನಮ್ಮನೆ” ಎಂದು ಮೊದಲು ಹಾಕಿ, ಅದರ ಹಿಂದೆ ಹೆಸರು ಹಾಕಿ, ಇನ್ನೊಂದು ಸಲ ಕೂಗಿದೆ.

ಆಗ ತಿರುಗಿದರು. ತಿರುಗಿ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಆಮೇಲೆ ನನ್ನನ್ನು ಕಂಡರು. ನಾನು ಲಕೋಟೆ ಎತ್ತಿ ಹಿಡಿದೆ. ಮಚವೆಯವನು ಮಾಡಿನ ಮೇಲಿಂದಲೇ ಮೋಟಾರಿನ ತಗಡು ಗುದ್ದಿ, “ನಿಲ್ಸಾ, ನಮ್ಮನಿಯವ್ರು ಇಳೀತ್ರು,” ಎಂದು ಕೂಗಿದ. ಇಡೀ ಪೇಟೆ ನಕ್ಕಿತು. ಅಂದಿನಿಂದ ಊರವರ ಬಾಯಲ್ಲಿ ಖಾಲಿ ಹೋಗಿ ‘ನಮ್ಮನಿಯವ್ರು’ ಎಂಬ ಹೊಸ ಗುರುತು ಬಂತು. ಅವರು ಮಲ್ಲಾಪುರದಲ್ಲಿ ಮಾಸ್ತರಾಗಿ ತಲೆ ಹಣ್ಣಾದ ಮೇಲೂ ಬೊಬ್ರುವಾಡದವರು ಹಾಗೇ ಕರೆದರು. ಗೇಲಿಯೇ ಸರಿ, ಆದರೆ ನನಗೆ ಅದರಲ್ಲಿ ಬೇಸರವಿರಲಿಲ್ಲ.

ಮರೆತ ಚೀಲ ಮದ್ದಿನವರ ಕೈ ಸೇರಿ ಮೋಟಾರು ಹೊರಟ ಮೇಲೆ, ಕಾಗದವನ್ನು ಕಟ್ಟೆಯ ಮೇಲೆ ಕೂತು ನಮ್ಮವರು ಮೂರು ಸಲ ಓದಿದರು. ಉಪ್ಪಿನವರು ಬಂದು ತಮ್ಮ ತಾಯಿಯ ಪರವಾಗಿ ಕೈಮುಗಿದರು. ಇವರು ಅವರ ಕೈ ಹಿಡಿದುಕೊಂಡು, “ಅಜ್ಜಿಗೆ ಎಂತದೂ ಅನ್ಬೇಡಿ,” ಎಂದರು. ಬುತ್ತಿಯನ್ನು ಅಲ್ಲೇ ಬಿಚ್ಚಿ ಎಲ್ಲರೂ ತಿಂದೆವು.

ಗದ್ದೆಯ ಅಂಚಿನ ಮೇಲೆ ಮನೆಗೆ ಬರುವಾಗ ಅವರು ಟ್ರಂಕು ಹೊತ್ತು ಮುಂದೆ, ನಾನು ಹಿಂದೆ. ಭಯ ಇಳಿದ ಮೇಲೆ ನನ್ನ ಸಿಟ್ಟು ಏರಿತು.

“ಅಷ್ಟು ಜೋರಾಗಿ ಕೂಗಿದೆ. ಊರಿಗೆಲ್ಲ ಕೇಳಿತು. ನಿಮಗೆ ಮಾತ್ರ ಕಿವುಡೇ?”

“ಕೇಳ್ತು,” ಎಂದರು. “ಮೊದ್ಲ್ನೇ ಸಲವೇ ಕೇಳ್ತು.”

“ಕೇಳಿದ್ರೆ ತಿರುಗಬಾರದಾಗಿತ್ತೇ?”

ಅವರು ಟ್ರಂಕನ್ನು ಇನ್ನೊಂದು ಹೆಗಲಿಗೆ ಬದಲಿಸಿದರು. “ಆ ಹೆಸ್ರು ಕೂಗಿದ್ರೆ ಯಾವಾಗ್ಲೂ ಆ ಮೂವ್ರಲ್ಲಿ ಒಬ್ರನ್ನೇ ಅಲ್ವಾ ಕರೆಯೂದು. ಸಣ್ಣವನಿದ್ದಾಗ ತಿರುಗ್ತಿದ್ದೆ. ‘ನೀನಲ್ಲಾ’ ಅಂತಿದ್ರು. ಆಮೇಲೆ ತಿರುಗೂದು ಬಿಟ್ಟೆ.”

ಅದನ್ನು ಅವರು ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಗದ್ದೆಯಲ್ಲಿ ಆ ಹೊತ್ತು ಒಂದು ನರಪಿಳ್ಳೆಯೂ ಇರಲಿಲ್ಲ. ಮದ್ದಿನವರು ಕಾರವಾರದ ದಾರಿಯಲ್ಲಿದ್ದರು, ಉಳಿದಿಬ್ಬರು ಪೇಟೆಯಲ್ಲಿ. ನಾನು ನಿಂತೆ. ಯಾವ ಬಾಲವನ್ನೂ ಸೇರಿಸದೆ, ಮೆಲ್ಲಗೆ, ಪಕ್ಕದಲ್ಲಿ ಕೂತವರನ್ನು ಮಾತಾಡಿಸುವಷ್ಟೇ ದನಿಯಲ್ಲಿ, ಆ ಹೆಸರನ್ನು ಮೂರನೆಯ ಸಲ ಹೇಳಿದೆ.

ಅವರು ಟ್ರಂಕು ಕೆಳಗಿಟ್ಟು ತಿರುಗಿದರು.